ಸಾಗವಾನಿ ಹೌದಿಲ್ರಿ?

ಹುಬ್ಬಳ್ಳಿಯಲ್ಲಿ ಮಂಚ ಕೊಳ್ಳಲು ಹೋದವರ ಮೊದಲ ಪ್ರಶ್ನೆ ಒಂದೇ: ‘ಸಾಗವಾನಿ ಹೌದಿಲ್ರಿ?’ ನಮ್ಮೂರ ಬಡಿಗೇರ ಕಾಕಾನ ಪ್ರಶ್ನೆ ಬೇರೆ ಇತ್ತು: ‘ಯಾತಕ್ಕ ಬೇಕಪಾ?’ ನಮ್ಮದು ನವಲಗುಂದದ ಕಡೆಯ ಎರಿಭೂಮಿ, ಕಾಡೇ ಇಲ್ಲ. ಚಕ್ಕಡಿಗೆ ಬದುವಿನ ಜಾಲಿ, ಬಾಗಿಲ ಚೌಕಟ್ಟಿಗೆ ಹಿತ್ತಲ ಬೇವು. ಜಾಲಿ ಪೆಟ್ಟು ತಾಳ್ತದ, ಬೇವಿಗೆ ಹುಳ ಹತ್ತೋದು ಕಡಿಮೆ. ಇಂಗ್ಲೆಂಡಿನ ಬಡಗಿಗಳದೂ ಇದೇ ಲೆಕ್ಕ. ಎಲ್ಮ್ ಮರದ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತೆ, ಸುಲಭಕ್ಕೆ ಸೀಳಲ್ಲ. ಅದಕ್ಕೇ ಗಾಲಿಯ ನಡುಭಾಗಕ್ಕೂ ಕುರ್ಚಿಯ ಸೀಟಿಗೂ ಅದನ್ನೇ ಹಾಕುತ್ತಿದ್ದರು.

ಹಾಗಾದರೆ ಸಾಗವಾನಿಗೆ ಮಾತ್ರ ಈ ದರ್ಬಾರು ಯಾಕೆ? ಮರವೇನೋ ಒಳ್ಳೆಯದೇ. ತಿರುಳಿನ ಎಣ್ಣೆಯಂಶ ಗೆದ್ದಲನ್ನು ದೂರ ಇಡುತ್ತದೆ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಈ ಗುಣಕ್ಕೇ ಹಡಗು ಕಟ್ಟುವವರ ಕಣ್ಣು ಅದರ ಮೇಲೆ ಬಿತ್ತು. 1817ರಲ್ಲಿ ಮುಂಬಯಿಯಲ್ಲಿ ಸಾಗವಾನಿಯಿಂದ ಕಟ್ಟಿದ ‘ಟ್ರಿಂಕೋಮಲಿ’ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲ್ತಾ ಇದೆ.

ಆ ಹಡಗುಗಳ ಹಸಿವು ನಮ್ಮ ಕಾಡಿಗೆ ಬಂತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಸೇರಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅರಣ್ಯಗಳ ಮೇಲಧಿಕಾರಿಯಾದ. ಮರುವರ್ಷವೇ ಮಲಬಾರ್, ಕೆನರಾದ ಸಾಗವಾನಿಯೆಲ್ಲ ಸರ್ಕಾರದ್ದು ಅಂತ ಸಾರಿದರು. ರೈತನ ಹೊಲದಾಗ ಬೆಳೆದದ್ದೂ ರೈತಂದಲ್ಲ! ಜನ ರೊಚ್ಚಿಗೆದ್ದರು. 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ ಆ ಏಕಸ್ವಾಮ್ಯ ರದ್ದು ಮಾಡಿದ. ಆದರೆ 1878ರ ಅರಣ್ಯ ಕಾಯ್ದೆಯಿಂದ ಕಾಡಿನ ಮೇಲೆ ಸರ್ಕಾರದ ಹಿಡಿತ ಮತ್ತೆ ಬಿಗಿಯಾಯಿತು. ಈಗಲೂ ಸ್ವಂತ ಹೊಲದ ಸಾಗವಾನಿ ಕಡಿದು ಸಾಗಿಸಬೇಕಂದ್ರೆ ಇಲಾಖೆಯ ಪರ್ಮಿಟ್ ಬೇಕು. ‘ಸಾಗವಾನಿ’ ಅನ್ನೋ ಪದಕ್ಕಿರುವ ತೂಕದಲ್ಲಿ ಮರದ ಗುಣದಷ್ಟೇ ಈ ಬೇಲಿಯ ಪಾಲೂ ಇದೆ ಅನ್ನೋದು ನನ್ನ ಗುಮಾನಿ.

ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದು ಸುಮಾರು 30 ಕಿ.ಮೀ. ಹೋದರೆ ಕಲಘಟಗಿ. ಬೆಳವಲ ಮುಗಿದು ಮಲೆನಾಡು ಶುರುವಾಗುವ ಜಾಗ, ಅದರಾಚೆ ಯಲ್ಲಾಪುರದ ಕಾಡು. ಸಾಗವಾನಿಯ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು ಕಾಡಿನ ಬಾಗಿಲಲ್ಲೇ ಇರುವುದು ಆಕಸ್ಮಿಕ ಅಂತ ನನಗನಿಸಲ್ಲ. ಅಲ್ಲಿ ಕಾಕಾನ ಪ್ರಶ್ನೆಗೂ ಸರಿಯಾದ ಉತ್ತರ ಸಾಗವಾನಿಯೇ. ತೊಟ್ಟಿಲು ಒಂದು ಕೂಸಿಗೆ ಮುಗಿಯೋದಲ್ಲ. ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ಮೊಮ್ಮಕ್ಕಳಿಗೆ ಹೋಗಬೇಕು. ಅಷ್ಟು ವರ್ಷ ಕೀಲು ಸಡಿಲಾಗಬಾರದು, ಹಲಗೆ ಬಾಗಬಾರದು, ಅದರ ಮೇಲೆ ಅರಗಿನ ಬಣ್ಣದಲ್ಲಿ ಬರೆದ ಕೃಷ್ಣ ಮಾಸಬಾರದು. ಮಾಡುವ ಮನೆತನಗಳು ಈಗ ಬೆರಳೆಣಿಕೆಯಷ್ಟು. ಬೇಕಾದವರು ಮೊದಲೇ ಹೇಳಿಡಬೇಕು.