ಕೋಡ್ ತುಣುಕು

ಕೋಡ್ ತುಣುಕು ಎಂದರೆ ಪ್ರೋಗ್ರಾಂ ಬರೆಯುವಾಗ ಪದೇ ಪದೇ ಎದುರಾಗುವ ಸಣ್ಣ ಕೆಲಸವೊಂದಕ್ಕಾಗಿ ಒಮ್ಮೆ ಬರೆದಿಟ್ಟುಕೊಂಡು, ಬೇಕಾದೆಡೆ ಮತ್ತೆ ಬಳಸಬಹುದಾದ ಕೆಲವೇ ಸಾಲುಗಳ ಕೋಡ್. ಕೊಟ್ಟ ವರ್ಷವು ಅಧಿಕ ವರ್ಷವೇ ಎಂದು ಪರೀಕ್ಷಿಸುವುದು, ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರುಗಳನ್ನು ತೆಗೆಯುವುದು, ಕಡತವನ್ನು ಸಾಲುಸಾಲಾಗಿ ಓದುವುದು, ಪದವನ್ನು ಹಿಂದುಮುಂದಾಗಿಸುವುದು ಇಂಥ ಕೆಲಸಗಳು. ತುಣುಕು ಸ್ವತಂತ್ರ ಪ್ರೋಗ್ರಾಂ ಅಲ್ಲ. ತಂತ್ರಾಂಶ ಲೈಬ್ರರಿಯಿಂದಲೂ ಅದು ಭಿನ್ನ. ಲೈಬ್ರರಿಯ ತಪ್ಪನ್ನು ಅದರ ಕರ್ತೃಗಳು ತಿದ್ದಿದರೆ ಹೊಸ ಆವೃತ್ತಿಯ ಮೂಲಕ ಆ ತಿದ್ದುಪಡಿ ಬಳಕೆದಾರರಿಗೆ ತಲುಪುತ್ತದೆ. ತುಣುಕನ್ನಾದರೋ ನಕಲು ಮಾಡಿ ಅಂಟಿಸಲಾಗುತ್ತದೆ. ಮೂಲವನ್ನು ತಿದ್ದಿದರೂ ನಕಲುಗಳಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ.

ಇತಿಹಾಸ

ಬರೆದದ್ದನ್ನೇ ಮತ್ತೆ ಬರೆಯದಿರುವ ಪದ್ಧತಿ ಗಣಕದಷ್ಟೇ ಹಳೆಯದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಕಾರ್ಯಾರಂಭ ಮಾಡಿದ ಎಡ್ಸ್ಯಾಕ್ ಗಣಕಕ್ಕಾಗಿ ಸಿದ್ಧಪಡಿಸಿದ ಉಪವಿಧಿಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಕಾಪಾಡಲಾಗುತ್ತಿತ್ತು. ಬೇಕಾದವರು ಅದನ್ನು ತಮ್ಮ ಪಟ್ಟಿಗೆ ಯಂತ್ರದಿಂದ ನಕಲು ಮಾಡಿಕೊಳ್ಳುತ್ತಿದ್ದರು. ಈ ಸಂಗ್ರಹವನ್ನು ಕುರಿತು ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ 1951ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಇಂದಿನ ಪಠ್ಯ ಸಂಪಾದಕಗಳಲ್ಲಿ ಸಂಕ್ಷಿಪ್ತ ಪದವೊಂದನ್ನು ಬೆರಳಚ್ಚಿಸಿ ಟ್ಯಾಬ್ ಕೀಲಿ ಒತ್ತಿದರೆ ಇಡೀ ತುಣುಕು ಮೂಡುತ್ತದೆ. 2004ರಲ್ಲಿ ಬಿಡುಗಡೆಯಾದ ಟೆಕ್ಸ್ಟ್‌ಮೇಟ್ ಈ ಸೌಲಭ್ಯವನ್ನು ಜನಪ್ರಿಯಗೊಳಿಸಿತು.

ಅಡಗಿರುವ ಊಹೆಗಳು

ಪ್ರತಿಯೊಂದು ತುಣುಕಿನಲ್ಲೂ ಅದನ್ನು ಬರೆದವರ ಊಹೆಗಳು ಅಡಗಿರುತ್ತವೆ. ‘4ರಿಂದ ಭಾಗವಾಗುವ ವರ್ಷ ಅಧಿಕ ವರ್ಷ’ ಎಂಬ ಒಂದು ಸಾಲಿನ ತುಣುಕು 1901ರಿಂದ 2099ರವರೆಗೆ ಒಮ್ಮೆಯೂ ತಪ್ಪುವುದಿಲ್ಲ. ಆದರೆ 1900 ಮತ್ತು 2100ಕ್ಕೆ ತಪ್ಪುತ್ತದೆ. ಗ್ರೆಗೋರಿಯನ್ ಪಂಚಾಂಗದಲ್ಲಿ 100ರಿಂದ ಭಾಗವಾಗುವ ವರ್ಷವು 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. 100ರ ನಿಯಮವನ್ನಷ್ಟೇ ನೆನಪಿಟ್ಟು 400ರದನ್ನು ಮರೆತವರ ತುಣುಕು 2000ನೆಯ ವರ್ಷದಲ್ಲಿ ಎಡವುತ್ತದೆ. ಅಲ್ಲಿ ಏನೂ ತಿಳಿಯದವನ ತುಣುಕೇ ಸರಿ, ಅರ್ಧ ತಿಳಿದವನದು ತಪ್ಪು.

ಇನ್ನೂ ಪ್ರಸಿದ್ಧವಾದುದು ಬೈನರಿ ಸರ್ಚ್‌ನ ದೋಷ. ನಿಘಂಟನ್ನು ನಡುವೆ ತೆರೆದು, ಹುಡುಕುವ ಪದ ಯಾವ ಅರ್ಧದಲ್ಲಿದೆಯೆಂದು ನೋಡಿ, ಆ ಅರ್ಧವನ್ನು ಮತ್ತೆ ಅರ್ಧಿಸುತ್ತ ಹೋಗುವಂಥ ಕ್ರಮವಿದು. ನಡುವಿನ ಸ್ಥಾನವನ್ನು (ಕೆಳಮಿತಿ + ಮೇಲ್ಮಿತಿ) / 2 ಎಂದು ಲೆಕ್ಕಹಾಕುವುದು ರೂಢಿಯಾಗಿತ್ತು. ಗಣಿತದಲ್ಲಿ ಇದು ನಿರ್ದುಷ್ಟ. ಆದರೆ 32 ಬಿಟ್‌ಗಳ ಪೂರ್ಣಾಂಕ 2,147,483,647ನ್ನು ಮೀರಲಾರದು. ಪಟ್ಟಿಯಲ್ಲಿ ನೂರು ಕೋಟಿಗೂ ಮಿಗಿಲಾದ ಅಂಶಗಳಿದ್ದಾಗ ಮೊತ್ತವು ಆ ಮಿತಿಯನ್ನು ದಾಟಿ ಋಣಸಂಖ್ಯೆಯಾಗಿಬಿಡಬಹುದು. ಜಾನ್ ಬೆಂಟ್ಲಿಯವರ ಹೆಸರಾಂತ ಪುಸ್ತಕದಲ್ಲಿದ್ದ ಈ ಸೂತ್ರ ಜಾವಾ ಭಾಷೆಯ ಲೈಬ್ರರಿಯಲ್ಲಿಯೂ ಇತ್ತು. ಆ ಲೈಬ್ರರಿಯ ತುಣುಕನ್ನು ಬರೆದಿದ್ದ ಜೋಶುವಾ ಬ್ಲಾಕ್ ತಾವೇ 2006ರಲ್ಲಿ ದೋಷವನ್ನು ಬಹಿರಂಗವಾಗಿ ವಿವರಿಸಿದರು. ಕೆಳಮಿತಿ + (ಮೇಲ್ಮಿತಿ − ಕೆಳಮಿತಿ) / 2 ಎಂದು ಬರೆದರೆ ತೊಡಕಿಲ್ಲ.

ಪರವಾನಗಿ

ಅಂತರಜಾಲದಲ್ಲಿ ದೊರೆಯುವ ತುಣುಕುಗಳೆಲ್ಲ ನಿರ್ಬಂಧರಹಿತವಲ್ಲ. ಸ್ಟ್ಯಾಕ್ ಓವರ್‌ಫ್ಲೋ ತಾಣದ ಬರೆಹಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಟ್ಟಿದ್ದು, ಬಳಸುವವರು ಮೂಲ ಕರ್ತೃವನ್ನು ಹೆಸರಿಸಬೇಕು.

ಕನ್ನಡ ಪಠ್ಯದಲ್ಲಿ ಬಳಕೆ

ಪದವನ್ನು ಹಿಂದುಮುಂದಾಗಿಸುವ ತುಣುಕು ಸಾಮಾನ್ಯವಾಗಿ ‘ಒಂದು ಸಂಕೇತ, ಒಂದು ಅಕ್ಷರ’ ಎಂಬ ಊಹೆಯ ಮೇಲೆ ನಿಂತಿದೆ. ಇಂಗ್ಲಿಷಿಗೆ ಇದು ಬಹುಮಟ್ಟಿಗೆ ಸಲ್ಲುತ್ತದೆ, ಕನ್ನಡಕ್ಕೆ ಸಲ್ಲದು. ಯೂನಿಕೋಡ್‌ನಲ್ಲಿ ವ್ಯಂಜನಕ್ಕೂ ಗುಣಿತ ಚಿಹ್ನೆಗೂ ಬೇರೆ ಬೇರೆ ಸಂಕೇತಗಳಿವೆ. ‘ಮೈಸೂರು’ ಕಣ್ಣಿಗೆ ಮೂರು ಅಕ್ಷರ; ಗಣಕಕ್ಕೆ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಸಂಕೇತಗಳನ್ನು ತಿರುಗಿಸಿದರೆ ‘ರುಸೂಮೈ’ ಎಂದಾಗುವ ಬದಲು ಮೊದಲಲ್ಲಿ ಒಂಟಿ ಕೊಂಬೊಂದು ಉಳಿದು, ಅದರ ಮುಂದೆ ‘ರೂಸೈಮ’ ಬರುತ್ತದೆ. ‘ಪುಸ್ತಕ’ವು ‘ಕಸ್ತಪು’ ಆಗದೆ ‘ಕತ್ಸುಪ’ ಆಗುತ್ತದೆ. ವಿಚಿತ್ರವೆಂದರೆ, ‘ಕನ್ನಡ’ ಎಂಬ ಪದವನ್ನೇ ಪರೀಕ್ಷೆಗೆ ಆರಿಸಿಕೊಂಡವರಿಗೆ ಈ ದೋಷ ಕಾಣಿಸುವುದೇ ಇಲ್ಲ: ಎರಡು ‘ನ’ಗಳ ನಡುವೆ ಹಲಂತ ಚಿಹ್ನೆ ಇರುವುದರಿಂದ ತಿರುಗಿಸಿದಾಗಲೂ ‘ಡನ್ನಕ’ ಎಂದು ಸರಿಯಾಗಿಯೇ ಬರುತ್ತದೆ.

ಪದವನ್ನು ತಿರುಗಿಸುವ ಅಗತ್ಯ ನಿತ್ಯವ್ಯವಹಾರದಲ್ಲಿ ವಿರಳ. ಹೆಸರನ್ನು ನಿಗದಿತ ಉದ್ದಕ್ಕೆ ಕತ್ತರಿಸುವ ತುಣುಕು ಹಾಗಲ್ಲ. ಅಂಕಪಟ್ಟಿ, ಪಡಿತರ ಚೀಟಿ, ರಸೀದಿಗಳಲ್ಲಿ ಹೆಸರು ಅಚ್ಚಾಗಬೇಕಾದಲ್ಲೆಲ್ಲ ಅದು ಬೇಕಾಗಬಹುದು. ‘ಸರಸ್ವತಿ’ಯಲ್ಲಿ 7 ಸಂಕೇತಗಳಿವೆ. 6ಕ್ಕೆ ಕತ್ತರಿಸಿದರೆ ‘ಸರಸ್ವತ’ ಎಂಬ ಬೇರೆಯದೇ ಹೆಸರು ದಾಖಲೆಗೆ ಸೇರುತ್ತದೆ. 4ಕ್ಕೆ ಕತ್ತರಿಸಿದರೆ ‘ಸರಸ್’. ಪಠ್ಯವನ್ನು ಸಂಕೇತಗಳಾಗಿ ಒಡೆಯದೆ, ಗುಣಿತ ಮತ್ತು ಒತ್ತುಗಳು ಮೂಲಾಕ್ಷರದೊಡನೆ ಕೂಡಿರುವಂತೆ ಗುಂಪು ಮಾಡಿ, ಅನಂತರ ಎಣಿಸುವುದು ಇದಕ್ಕೆ ಪರಿಹಾರ. ಯೂನಿಕೋಡ್ ಒಕ್ಕೂಟ ಇಂಥ ಗುಂಪುಗಾರಿಕೆಗೆ ನಿಯಮಗಳನ್ನು ಪ್ರಕಟಿಸಿದೆ. ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅವುಗಳನ್ನು ಅನುಸರಿಸುವ ಸಿದ್ಧ ಸೌಲಭ್ಯಗಳಿವೆ. ಬಳಸುವ ಮುನ್ನ ‘ಪುಸ್ತಕ’ದಂಥ ಒತ್ತಕ್ಷರವಿರುವ ಪದದಿಂದ ಪರೀಕ್ಷಿಸಬೇಕಾಗುತ್ತದೆ.