ಎಚ್ಚರ, ಅರಿವು ಮತ್ತು ಮಿದುಳಿನ ಇಂಧನ

ಎಡದಂಡೆ ನಾಲೆಯ ನೀರುಂಡ ಸಿಂಧನೂರು, ಮಸ್ಕಿ ಸೀಮೆಯಲ್ಲಿ ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ, ಹೊತ್ತಿಗೆ ಸರಿಯಾಗಿ ಬುತ್ತಿ ಬಿಚ್ಚದೆ ಗದ್ದೆಯಲ್ಲಿ ದುಡಿದರೆ ಆಗುವುದೇನೆಂದು ಮನೆಮಂದಿ ಬಲ್ಲರು: ಬೆವರು, ನಡುಕ, ತೊದಲು ಮಾತು, ಕೊನೆಗೆ ಚಕ್ಕರ್. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿದರೆ ಅದು ‘ಲೋ ಶುಗರ್’. 54ಕ್ಕಿಂತ ಕೆಳಗಿಳಿದರೆ ಮಿದುಳಿನ ಕೆಲಸವೇ ಕೆಡತೊಡಗುತ್ತದೆ. ಹಲವು ದಿನ ಉಪವಾಸವಿದ್ದವರಿಗೆ ಹೀಗಾಗದಿರಲು ಕಾರಣ, ಯಕೃತ್ತು ಕೊಬ್ಬಿನಿಂದ ಮಾಡಿಕೊಡುವ ಕೀಟೋನ್‌ಗಳು. ಔಷಧಿಯಿಂದ ಥಟ್ಟನೆ ಸಕ್ಕರೆ ಇಳಿದಾಗ ಆ ಬದಲಿ ಏರ್ಪಾಟಿಗೆ ವ್ಯವಧಾನವಿಲ್ಲ.

ಮೈತೂಕದಲ್ಲಿ ಶೇ 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲೂ ದೇಹದ ಶಕ್ತಿಯ ಸುಮಾರು ಶೇ 20ನ್ನು ಬಳಸುತ್ತದೆ. ಆದರೆ ಅದಕ್ಕೆ ಕಣಜವಿಲ್ಲ. ರಕ್ತ ನಿಂತರೆ ಸುಮಾರು 10 ಸೆಕೆಂಡುಗಳೊಳಗೆ ಎಚ್ಚರ ತಪ್ಪುತ್ತದೆ. ಸಕ್ಕರೆಯಷ್ಟೇ ಆಮ್ಲಜನಕವೂ ಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂಥ ನೆಲದಾಳದ ಗಣಿಗಳಲ್ಲಿ ಗಾಳಿಯ ಆಮ್ಲಜನಕ ಶೇ 19ಕ್ಕಿಂತ ಕಡಿಮೆಯಾಗಬಾರದೆಂದು 1961ರ ಲೋಹ ಗಣಿ ನಿಯಮಾವಳಿ ವಿಧಿಸಿದೆ.

ಹಾಗಾದರೆ ಪ್ರಜ್ಞೆಯೆಂದರೆ ಉರಿಯುವ ಇಂಧನದ ಲೆಕ್ಕವೇ?

ಲೂಯಿಸ್ ಸೊಕೊಲಾಫ್ ಮತ್ತು ಸಂಗಡಿಗರು 1955ರಲ್ಲಿ ಮನಗಣಿತ ಮಾಡುವವರ ಮಿದುಳನ್ನು ಅಳೆದಾಗ ಒಟ್ಟು ಆಮ್ಲಜನಕದ ಬಳಕೆ ಹೆಚ್ಚಲಿಲ್ಲ. ಮಿದುಳಿನ ಖರ್ಚಿನ ಬಹುಪಾಲು ಯೋಚಿಸಲಿ ಬಿಡಲಿ ನಡೆದೇ ಇರುತ್ತದೆ. ಆ ತಳಖರ್ಚು ಎಷ್ಟಿಳಿದರೆ ಅರಿವು ಉಳಿಯದು? ಯೋಹಾನ್ ಸ್ಟೆಂಡರ್, ಸ್ಟೀವನ್ ಲಾರೀಸ್ ಮೊದಲಾದವರು 131 ಮಿದುಳುಗಾಯಾಳುಗಳನ್ನು ಪೆಟ್ ಸ್ಕ್ಯಾನ್‌ನಿಂದ ಪರೀಕ್ಷಿಸಿ 2016ರಲ್ಲಿ ಉತ್ತರ ಕೊಟ್ಟರು: ಹೊರಪದರದ ಗ್ಲೂಕೋಸ್ ಬಳಕೆ ಸಹಜ ಪ್ರಮಾಣದ ಶೇ 42ಕ್ಕಿಂತ ಇಳಿದವರಲ್ಲಿ ಅರಿವಿನ ಕುರುಹು ಬಹುತೇಕ ಕಾಣಲಿಲ್ಲ. ಅವರಲ್ಲಿ ಹಲವರು ಕಣ್ಣು ತೆರೆದಿದ್ದರು. ಕನ್ನಡ ‘ಎಚ್ಚರ’ ಮತ್ತು ‘ಅರಿವು’ ಎಂದು ಎರಡು ಮಾತು ಇಟ್ಟುಕೊಂಡಿರುವುದು ಇಲ್ಲಿ ನೆರವಾಗುತ್ತದೆ: ಇವರಲ್ಲಿ ಎಚ್ಚರವಿತ್ತು, ಅರಿವಿರಲಿಲ್ಲ.

ಆದರೂ ಶಕ್ತಿ ಇದ್ದಲ್ಲೆಲ್ಲ ಅರಿವು ಇರುವುದಿಲ್ಲ. ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಬಂದಾಗ ನರಕೋಶಗಳು ಒಟ್ಟಿಗೇ ಸಿಡಿದು ಮಿದುಳಿನ ಇಂಧನ ಖರ್ಚು ಏರುತ್ತದೆ. ಪ್ರಜ್ಞೆ ಮಾತ್ರ ಹೋಗುತ್ತದೆ. ಅಂದರೆ ಇಂಧನ ಅರಿವಿಗೆ ಅನಿವಾರ್ಯ, ಆದರೆ ಅದೊಂದೇ ಸಾಲದು; ಬೇರೆಬೇರೆ ಭಾಗಗಳು ತಂತಮ್ಮ ಕೆಲಸ ಮಾಡುತ್ತಲೇ ಪರಸ್ಪರ ಸ್ಪಂದಿಸಬೇಕು. ಸಕ್ಕರೆ ಇಳಿದೇ ಫಿಟ್ಸ್ ಬರುವುದೂ ಉಂಟು. ಆಗ ಕೊರತೆ, ದುಂದು ಎರಡೂ ಒಂದೇ ಮಿದುಳಿನಲ್ಲಿ ಸೇರುತ್ತವೆ. ಗದ್ದೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ತಂದಾಗ ಬೆರಳು ಚುಚ್ಚಿ ಗ್ಲುಕೋಮೀಟರ್ ನೋಡುವುದು ಮೊದಲ ಕೆಲಸಗಳಲ್ಲೊಂದಾಗಿರುವುದು ಇದಕ್ಕೇ.