ಮನೆ ಮುಂದಿನ ಹುಲ್ಲಿನ ಚರಿತ್ರೆ

ಹಿಮ ಕರಗಿ ಯುಗಾದಿ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನಾವೆಲ್ಲ ಬೀಜದ ಪೊಟ್ಟಣ ಹುಡುಕತೊಡಗುತ್ತೇವೆ. ಬದನೆ, ಮೆಣಸಿನಕಾಯಿ, ಮೆಂತ್ಯ, ದಂಟು, ಎಲ್ಲವೂ ಹಿತ್ತಲಿಗೆ. ಮನೆಯ ಮುಂದೆ ಮಾತ್ರ ಬರೀ ಹುಲ್ಲು. ಒಳ್ಳೆಯ ಬಿಸಿಲು ಮುಂದುಗಡೆಯೇ ಬೀಳುತ್ತಿದ್ದರೂ ಅಲ್ಲೊಂದು ಟೊಮೇಟೊ ಗಿಡ ನೆಡಲು ಹಿಂದೆಮುಂದೆ ನೋಡುತ್ತೇವೆ. 'ಇಲ್ಲಿಯ ಪದ್ಧತಿ' ಎಂದು ಸುಮ್ಮನಾಗುತ್ತೇವೆ. ಈ ಪದ್ಧತಿ ಎಲ್ಲಿಂದ ಬಂತೆಂದು ಸ್ವಲ್ಪ ನೋಡೋಣ.

ನಮ್ಮೂರಿನಲ್ಲಿ ಮನೆಯ ಮುಂದಿನ ಜಾಗವೆಂದರೆ ಅಂಗಳ. ಗುಡಿಸಿ, ಸಾರಿಸಿ, ರಂಗೋಲಿ ಹಾಕುವ, ಹಪ್ಪಳ ಸಂಡಿಗೆ ಒಣಗಿಸುವ ಜಾಗ. ಅಂಗಳದಲ್ಲಿ ಹುಲ್ಲು ಬೆಳೆದಿದ್ದರೆ ಆ ಮನೆಯಲ್ಲಿ ಯಾರೂ ವಾಸವಿಲ್ಲವೆಂದೇ ಅರ್ಥ! ಹುಲ್ಲುಹಾಸು ಹುಟ್ಟಿದ್ದು ಇಂಗ್ಲೆಂಡ್, ಫ್ರಾನ್ಸ್‌ಗಳ ಶ್ರೀಮಂತರ ಬಂಗಲೆಗಳ ಮುಂದೆ. ಬೆಳೆ ತೆಗೆಯದೆ ಇಷ್ಟು ಭೂಮಿಯನ್ನು ಸುಮ್ಮನೆ ಬಿಡಬಲ್ಲೆವು, ಅದನ್ನು ಕೊಯ್ಯಲು ಆಳುಗಳನ್ನೂ ಇಡಬಲ್ಲೆವು ಎಂದು ತೋರಿಸುವುದೇ ಅದರ ಉದ್ದೇಶ. 1830ರಲ್ಲಿ ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆಬಟ್ಟೆಯ ಮೇಲಿನ ನೂಲನ್ನು ಸಮನಾಗಿ ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ, ಹುಲ್ಲು ಕತ್ತರಿಸುವ ಯಂತ್ರವನ್ನು ತಯಾರಿಸಿ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಸಾಧಾರಣ ಗೃಹಸ್ಥನಿಗೂ ಲಾನ್ ಎಟುಕಿತು.

ಅಮೆರಿಕದಲ್ಲಿ 1869ರ ಸುಮಾರಿಗೆ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಷಿಕಾಗೋ ಬಳಿ ರಿವರ್‌ಸೈಡ್ ಎಂಬ ಬಡಾವಣೆಯ ನಕ್ಷೆ ಮಾಡಿದರು. ಮನೆಗಳು ರಸ್ತೆಯಿಂದ 30 ಅಡಿ ಹಿಂದಕ್ಕಿರಬೇಕು, ಎತ್ತರದ ಗೋಡೆ ಕೂಡದು ಎಂಬುದು ಅಲ್ಲಿಯ ನಿಯಮ. 1870ರಲ್ಲಿ ಫ್ರಾಂಕ್ ಸ್ಕಾಟ್ ಎಂಬ ಲೇಖಕ, ತನ್ನ ತೋಟವನ್ನು ಬೇಲಿ ಹಾಕಿ ಮುಚ್ಚಿಡುವುದು ನೆರೆಹೊರೆಯವರಿಗೆ ಮಾಡುವ ಅನ್ಯಾಯವೆಂದು ಪುಸ್ತಕದಲ್ಲೇ ಬರೆದ. ಹೀಗೆ ಮನೆ ಮುಂದಿನ ಹುಲ್ಲು ಅರ್ಧ ಮನೆಯವರದು, ಅರ್ಧ ಬೀದಿಯವರದು ಆಯಿತು.

ಎರಡನೇ ಮಹಾಯುದ್ಧದ ನಂತರ ಇದು ಕರಾರಿನ ಮಾತಾಯಿತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ 1947ರಿಂದ 1951ರವರೆಗೆ ಕಟ್ಟಿದ ಲೆವಿಟ್‌ಟೌನ್‌ನಲ್ಲಿ 17,000ಕ್ಕೂ ಹೆಚ್ಚು ಮನೆಗಳು. ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ಬೇಲಿ ಹಾಕಬಾರದು ಎಂಬ ಷರತ್ತುಗಳು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮೊದಲ ಕರಾರುಗಳಲ್ಲಿ ಇನ್ನೊಂದು ಷರತ್ತೂ ಇತ್ತು: ಮನೆಗೆಲಸದವರ ಹೊರತು ಬಿಳಿಯರಲ್ಲದವರು ಈ ಮನೆಯಲ್ಲಿ ವಾಸಿಸಕೂಡದು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲವೆಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗಭೇದ ಮಾಡುವುದನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಭಾರತೀಯರು 'ಬಿಳಿಯರಲ್ಲ'ವೆಂದು ಪೌರತ್ವಕ್ಕೆ ಅನರ್ಹರೆಂಬ ತೀರ್ಪು 1923ರಲ್ಲೇ ಬಂದಿತ್ತು. ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. 1965ರ ವಲಸೆ ಕಾನೂನಿನ ನಂತರ ಬಂದ ನಮ್ಮ ಪೀಳಿಗೆಯ ವೈದ್ಯರು, ಎಂಜಿನಿಯರುಗಳು ಮನೆ ಕೊಂಡು ಎಲ್ಲರಿಗಿಂತ ಶ್ರದ್ಧೆಯಿಂದ ಹುಲ್ಲು ಕತ್ತರಿಸಿದರೆ ಆಶ್ಚರ್ಯವಿಲ್ಲ. 'ನಾವೂ ಇಲ್ಲಿಯವರೇ' ಎಂದು ಬೀದಿಗೆ ತೋರಿಸುವ ಸುಲಭದ ದಾರಿ ಅದೇ ಆಗಿತ್ತು.

ಆರೋಗ್ಯದ ಮಾತನ್ನೂ ವೈದ್ಯರಾದ ನಾವು ಹೇಳಲೇಬೇಕು. ಮೊದಲು ಲಾನ್ ಬೀಜದಲ್ಲಿ ಕ್ಲೋವರ್ ಬೀಜವನ್ನೂ ಬೆರೆಸುತ್ತಿದ್ದರು. ಅದು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ. 1940ರ ದಶಕದಲ್ಲಿ ಟೂ-ಫೋರ್-ಡಿ ಎಂಬ ಕಳೆನಾಶಕ ಬಂದು ದಂಡೇಲಿಯನ್ ಜೊತೆ ಕ್ಲೋವರನ್ನೂ ಕೊಂದಿತು. ಆಮೇಲೆ ಕ್ಲೋವರೇ ಕಳೆ ಎನಿಸಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ರಾಸಾಯನಿಕವನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದವು' ಎಂಬ ಗುಂಪಿಗೆ ಸೇರಿಸಿತು. ಸಾಧ್ಯತೆ ಎಂದರೆ ಖಚಿತವೆಂದಲ್ಲ, ಗಾಬರಿ ಬೇಡ. ಆದರೆ ಲಾನಿಗೆ ಹೊಡೆದ ಔಷಧಿ ಬೂಟಿನ ಅಡಿಗೆ, ನಾಯಿಯ ಕಾಲಿಗೆ ಅಂಟಿ ಮನೆಯೊಳಗಿನ ಕಾರ್ಪೆಟ್ಟಿಗೆ ಬರುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಚಪ್ಪಲಿ ಹೊರಗೆ ಬಿಡುವ ನಮ್ಮ ಹಿರಿಯರ ಪದ್ಧತಿಯನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಈಗ ಕಾಲ ಬದಲಾಗುತ್ತಿದೆ. ಮಯಾಮಿ ಷೋರ್ಸ್ ಎಂಬ ಊರು 2013ರಲ್ಲಿ ಮನೆ ಮುಂದಿನ ತರಕಾರಿ ತೋಟವನ್ನು ನಿಷೇಧಿಸಿದಾಗ ಒಂದು ದಂಪತಿ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿ ಸೋತರು. ಆದರೆ 2019ರಲ್ಲಿ ಫ್ಲೋರಿಡಾ ರಾಜ್ಯ, ಊರಾಡಳಿತಗಳು ಇಂಥ ನಿಷೇಧ ಹಾಕಬಾರದೆಂದು ಕಾನೂನನ್ನೇ ಮಾಡಿತು. ಸ್ವಂತ ಜಾಗದಲ್ಲಿ ತರಕಾರಿ ಬೆಳೆಯುವ ಹಕ್ಕನ್ನು ಕೊಡುವ ಇಲಿನಾಯ್ ರಾಜ್ಯದ ಕಾನೂನು 2022ರಲ್ಲಿ ಜಾರಿಗೆ ಬಂತು. ಹೋಮ್‌ಓನರ್ಸ್ ಅಸೋಸಿಯೇಷನ್ನಿನ ಕರಾರು ಬೇರೆಯೇ ವಿಷಯ. ಗುದ್ದಲಿ ಹಿಡಿಯುವ ಮೊದಲು ಅದನ್ನೊಮ್ಮೆ ಓದಿಕೊಳ್ಳುವುದು ಕ್ಷೇಮ.

ಹುಲ್ಲನ್ನೆಲ್ಲ ಕಿತ್ತುಹಾಕಿ ಎಂದು ನಾವು ಹೇಳುತ್ತಿಲ್ಲ. ಮಕ್ಕಳು ಆಡಲು ಅದು ಬೇಕು. ಆದರೆ ಇದು ಯಾರೋ ಮಾಡಿದ ನಿಯಮ, ಬದಲಾಯಿಸಬಹುದಾದ ನಿಯಮ ಎಂಬುದು ತಿಳಿದಿರಲಿ. ಮುಂಬಾಗಿಲ ಪಕ್ಕ ನಾಲ್ಕಡಿ ಜಾಗದಲ್ಲಿ ಬದನೆ, ಮೆಣಸಿನ ಗಿಡ ನಿಂತರೆ ಬೀದಿಯ ಅಂದ ಕೆಡುವುದಿಲ್ಲ, ನೆರೆಯವರು 'ಇದೇನು?' ಎಂದು ಕೇಳಿದರೆ ಪರಿಚಯವೂ ಬೆಳೆಯುತ್ತದೆ. ದಂಟು, ಬಸಳೆ ಬೀಜ ಹೆಚ್ಚಾಗಿರುವವರು ದಯವಿಟ್ಟು ಯುಗಾದಿ ಕಾರ್ಯಕ್ರಮಕ್ಕೆ ತನ್ನಿ, ಹಂಚಿಕೊಳ್ಳೋಣ.